ಗದ್ದೆಯ ಕೆಸರು ಕಬ್ಬಿಣವನ್ನು ಉಸಿರಾಡುವ ಬಗೆ

ಕಳೆದ ಆಗಸ್ಟ್ ಕೊನೆಯ ವಾರ ಪಾಂಡವಪುರದ ಕಡೆಯ ನಮ್ಮ ಊರಿನಿಂದ ಚಿಕ್ಕಪ್ಪ ಫೋನ್ ಮಾಡಿ, "ಗದ್ದೆ ನೀರ್ ಮ್ಯಾಲೆಲ್ಲ ಎಣ್ಣೆ ತೇಲ್ತಾ ಐತೆ ಕಣಪ್ಪ, ಟಿಲ್ಲರ್‌ನಿಂದ ಡೀಸೆಲ್ ಸೋರಿರ್ಬೇಕು, ಪೈರಿಗೆ ಏನಾದ್ರೂ ಆಯ್ತದಾ?" ಎಂದು ಕೇಳಿದರು. ನಾಟಿ ಮುಗಿದು ಮೂರು ವಾರವಾಗಿತ್ತು. ಮೈಸೂರಿನ ಪದವಿಪೂರ್ವ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವ ನಾನು ಅದು ಡೀಸೆಲ್ ಆಗಿರಲಾರದು ಎಂದು ಅಂದೇ ಊಹಿಸಿದ್ದೆನಾದರೂ, ಕಣ್ಣಾರೆ ನೋಡದೆ ಹೇಳುವುದು ಸರಿಯಲ್ಲವೆಂದು ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಊರಿಗೆ ಹೋದೆ.

ಕಾಮನಬಿಲ್ಲಿನ ಬಣ್ಣದ ಆ ಪೊರೆ ಗದ್ದೆಯ ತುಂಬ ಇರಲಿಲ್ಲ. ಮೇಲಿನ ಗದ್ದೆಯಿಂದ ನೀರು ಬಸಿದು ಬರುವ ಮೂಲೆಯಲ್ಲಿ, ಬದುವಿನ ಬುಡಕ್ಕೆ ಒತ್ತಿಕೊಂಡಂತೆ ಮಾತ್ರ ಹರಡಿತ್ತು, ಅದರ ಕೆಳಗೆ ಕೆಂಪು ಗಸಿ ಸಡಿಲವಾದ ಹತ್ತಿಯಂತೆ ಕೂತಿತ್ತು. ಒಂದು ಕಡ್ಡಿ ತೆಗೆದುಕೊಂಡು ಪೊರೆಯನ್ನು ಕಲಕಿದೆ. ಎಣ್ಣೆಯಾಗಿದ್ದರೆ ಕಡ್ಡಿ ಹಾದುಹೋದ ಜಾಗ ಮರುಕ್ಷಣವೇ ಕೂಡಿಕೊಳ್ಳಬೇಕಿತ್ತು. ಇದು ತೆಳುವಾದ ಗಾಜಿನ ಹಾಳೆ ಒಡೆದಂತೆ ಮೂಲೆಮೂಲೆಯಾದ ಚೂರುಗಳಾಗಿ ಬಿರಿದು, ಹಾಗೆಯೇ ತೇಲುತ್ತ ಉಳಿಯಿತು. ನೀರಿನಲ್ಲಿ ಕರಗಿದ ಕಬ್ಬಿಣ ಗಾಳಿ ಸೋಕಿದ ಕೂಡಲೇ ತುಕ್ಕಾಗಿ, ಕಬ್ಬಿಣವನ್ನೇ ನೆಚ್ಚಿ ಬದುಕುವ ಬ್ಯಾಕ್ಟೀರಿಯಾಗಳ ಜೊತೆ ಸೇರಿ ನೀರಿನ ಮೇಲೆ ಕಟ್ಟುವ ಪೊರೆ ಅದು. ಚಿಕ್ಕಪ್ಪನವರಿಗೆ ಇದನ್ನು ತೋರಿಸಿದಾಗ ಅವರು ಕೇಳಿದ ಮರುಪ್ರಶ್ನೆ ಬಹಳ ಸರಿಯಾದದ್ದಾಗಿತ್ತು: ಕಬ್ಬಿಣ ಮಣ್ಣಿನಲ್ಲಿ ಗಟ್ಟಿಯಾಗಿ ಕೂತಿರುವಂಥದ್ದು, ಅದು ನೀರಿಗೆ ಕರಗಿ ಬಂದದ್ದಾದರೂ ಹೇಗೆ?

ಉತ್ತರ ಕಾಲಡಿಯಲ್ಲೇ ಇತ್ತು. ಗುದ್ದಲಿಯಿಂದ ಒಂದು ಹೆಂಟೆಯನ್ನು ಎತ್ತಿ ಬದುವಿನ ಮೇಲಿಟ್ಟು ಸೀಳಿದೆವು. ನೀರಿಗೆ ತಾಗಿದ ಮೇಲಿನ ಕೆಲವೇ ಮಿಲಿಮೀಟರ್ ದಪ್ಪದ ಪದರ ನಮ್ಮ ಸೀಮೆಯ ಕೆಮ್ಮಣ್ಣಿನ ಬಣ್ಣವನ್ನು ಉಳಿಸಿಕೊಂಡಿತ್ತು. ಅದರ ಕೆಳಗಿನದೆಲ್ಲ ಬೂದಿಗೆ ನೀಲಿ ಬೆರೆಸಿದಂತಹ ಬಣ್ಣಕ್ಕೆ ತಿರುಗಿತ್ತು. ಜುಲೈನಲ್ಲಿ ಉಳುವಾಗ ಕೆಂಪಾಗಿದ್ದ ಅದೇ ಮಣ್ಣು. ನೀರು ನಿಂತರೆ ಮಣ್ಣು ಕೊಳೆತು ಬಣ್ಣ ಕೆಡುತ್ತದೆ ಎಂದು ಊರಿನಲ್ಲಿ ಹೇಳುವುದುಂಟು. ಅದರಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧ ನನ್ನ ಪಾಲಿಗೆ ಜೀವಶಾಸ್ತ್ರದ ಅತ್ಯಂತ ಸುಂದರವಾದ ಸಂಗತಿಗಳಲ್ಲಿ ಒಂದು. ಆ ಬಣ್ಣ ಬದಲಾದದ್ದು ಕೋಟ್ಯಂತರ ಬ್ಯಾಕ್ಟೀರಿಯಾಗಳು ಮಣ್ಣಿನ ಕಬ್ಬಿಣವನ್ನು ಉಸಿರಾಡಿದ್ದರಿಂದ.

ಉಸಿರಾಟ ಎಂಬ ಮಾತನ್ನು ನಾವು ತರಗತಿಯಲ್ಲಿ ಆಮ್ಲಜನಕಕ್ಕೆ ಎಷ್ಟು ಬಿಗಿಯಾಗಿ ಕಟ್ಟಿಹಾಕಿದ್ದೇವೆಂದರೆ, ಕಬ್ಬಿಣವನ್ನು ಉಸಿರಾಡುವುದೆಂದರೆ ವಿದ್ಯಾರ್ಥಿಗಳಿಗೆ ಅದು ಕವಿಸಮಯದಂತೆ ಕೇಳಿಸುತ್ತದೆ. ಆದ್ದರಿಂದ ನಾನು ಈಗ ಶಿವನಸಮುದ್ರದಿಂದ ಪಾಠ ಆರಂಭಿಸುತ್ತೇನೆ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಯಿತು. ನೀರು ಮೇಲಿನಿಂದ ಕೆಳಕ್ಕೆ ಬೀಳುವಾಗ ಟರ್ಬೈನ್ ತಿರುಗುತ್ತದೆ ಎಂಬುದು ಮಂಡ್ಯದ ಮಕ್ಕಳಿಗೆಲ್ಲ ಗೊತ್ತು. ಆದರೆ ಕೆಲಸ ಮುಗಿಸಿದ ನೀರು ಕೆಳಗಿನ ಕಾಲುವೆಯಿಂದ ಹೊರಗೆ ಹರಿದು ಹೋಗದಿದ್ದರೆ ಏನಾಗುತ್ತದೆ ಎಂದು ಕೇಳಿದಾಗ ಅವರು ಒಂದು ಕ್ಷಣ ಯೋಚಿಸಿ, ಟರ್ಬೈನ್ ನಿಲ್ಲುತ್ತದೆ ಎನ್ನುತ್ತಾರೆ. ಜೀವಕೋಶದ ಉಸಿರಾಟವೂ ಹೀಗೆಯೇ. ಆಹಾರದಿಂದ ಕಿತ್ತುಕೊಂಡ ಎಲೆಕ್ಟ್ರಾನ್‌ಗಳು ಕೋಶಪೊರೆಯಲ್ಲಿ ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ಮೆಟ್ಟಿಲಿಳಿಯುತ್ತವೆ. ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಪ್ರೋಟಾನ್‌ಗಳನ್ನು ಪೊರೆಯ ಆಚೆಗೆ ದಬ್ಬುತ್ತದೆ, ಆ ಪ್ರೋಟಾನ್‌ಗಳು ಮರಳಿ ಒಳನುಗ್ಗುವಾಗ ನಿಜವಾಗಿಯೂ ತಿರುಗುವ ಒಂದು ಪುಟ್ಟ ಪ್ರೋಟೀನ್ ಯಂತ್ರ, ಕೋಶದ ಕೆಲಸಗಳಿಗೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವನ್ನು ತಯಾರಿಸುತ್ತದೆ. 1961ರಲ್ಲಿ ಪೀಟರ್ ಮಿಚೆಲ್ ಮಂಡಿಸಿದ, ಮುಂದೆ 1978ರ ನೊಬೆಲ್ ಪಡೆದ ವಿಚಾರ ಇದೇ. ಇಲ್ಲಿ ಆಮ್ಲಜನಕದ ಕೆಲಸವೆಂದರೆ ಇಳಿದು ಬಂದ ಎಲೆಕ್ಟ್ರಾನ್‌ಗಳನ್ನು ಕೊನೆಯಲ್ಲಿ ತೆಗೆದುಕೊಂಡು ಹೋಗುವುದು, ಅಷ್ಟೇ. ಅದು ಹೊರಹರಿವಿನ ಕಾಲುವೆ. ಆ ಕಾಲುವೆಯಾಗಲು ಬೇರೆ ವಸ್ತುವಿಗೂ ಸಾಧ್ಯವಿದ್ದರೆ, ಆ ವಸ್ತುವನ್ನೂ ಉಸಿರಾಡಬಹುದು.

ನೀರು ನಿಂತ ಗದ್ದೆಯಲ್ಲಿ ಈ ಕಾಲುವೆಗಳು ಒಂದಾದ ಮೇಲೆ ಒಂದು ತೆರೆದು ಮುಚ್ಚುತ್ತವೆ. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನವಾಗಿ ನೀರಿನಲ್ಲಿ ಹರಡುವುದರಿಂದ, ಕೆಸರು ಮಾಡಿ ನೀರು ಕಟ್ಟಿದ ಒಂದೆರಡು ದಿನಗಳೊಳಗೆ ಕೆಳಗಿನ ಮಣ್ಣಿನ ಆಮ್ಲಜನಕ ತೀರುತ್ತದೆ. ಆಮೇಲೆ ನೈಟ್ರೇಟ್, ಅದರ ಹಿಂದೆ ಮ್ಯಾಂಗನೀಸ್, ಅದಾದ ಮೇಲೆ ಕಬ್ಬಿಣ, ನಂತರ ಸಲ್ಫೇಟ್, ಕಟ್ಟಕಡೆಗೆ ಮೀಥೇನ್ ಅನಿಲ ಹುಟ್ಟಿಸುವ ಜೀವಿಗಳ ಸರದಿ. ಮೊದಲಿನದು ಹೆಚ್ಚು ಎತ್ತರದ ಜಲಪಾತ, ಕೊನೆಯದು ತೀರ ಗಿಡ್ಡದು. ನಮ್ಮ ಕೆಮ್ಮಣ್ಣಿನಲ್ಲಿ ನೈಟ್ರೇಟೂ ಮ್ಯಾಂಗನೀಸೂ ಇರುವುದು ಅಲ್ಪ. ಕಬ್ಬಿಣವಾದರೋ ಧಾರಾಳ, ಭೂತೊಗಟೆಯ ತೂಕದಲ್ಲೇ ಅದರ ಪಾಲು ಶೇ. 5ರಷ್ಟಿದೆ. ಹೀಗಾಗಿ ನಾಟಿಯಾದ ಮೊದಲ ವಾರಗಳಲ್ಲಿ ನಮ್ಮ ಗದ್ದೆಯ ಅತಿ ದೊಡ್ಡ ಹೊರಹರಿವು ಮಣ್ಣಿಗೆ ಕೆಂಪು ಕೊಡುವ ಕಬ್ಬಿಣದ ತುಕ್ಕೇ ಆಗಿರುತ್ತದೆ. ಕಳೆದ ಬೆಳೆಯ ಕೂಳೆ, ಹೊಂಗೆ ಸೊಪ್ಪು, ಕೊಟ್ಟಿಗೆ ಗೊಬ್ಬರ ಕೊಳೆತು ಅಸಿಟೇಟ್ ಎಂಬ ಸಣ್ಣ ಅಣುವಾಗುತ್ತವೆ. ಒಂದು ಅಸಿಟೇಟ್ ಅಣುವನ್ನು ಪೂರ್ತಿಯಾಗಿ ಉತ್ಕರ್ಷಿಸಿದರೆ, ಅಂದರೆ ಅದರಿಂದ ಎಲೆಕ್ಟ್ರಾನ್ ಕಿತ್ತುಕೊಂಡರೆ, 8 ಎಲೆಕ್ಟ್ರಾನ್‌ಗಳು ಸಿಗುತ್ತವೆ, ಅವನ್ನು ಹೊರಹಾಕಲು ಕಬ್ಬಿಣದ 8 ಫೆರಿಕ್ ಅಯಾನುಗಳು ಬೇಕು. ಪ್ರತಿಯೊಂದೂ ಒಂದೊಂದು ಎಲೆಕ್ಟ್ರಾನ್ ಪಡೆದು ಫೆರಸ್ ರೂಪಕ್ಕೆ ಇಳಿಯುತ್ತದೆ. ಫೆರಿಕ್ ಕೆಂಪು ಮತ್ತು ಕರಗದು. ಫೆರಸ್ ಕರಗುತ್ತದೆ, ನೀರಿನೊಡನೆ ಬಸಿಯುತ್ತದೆ. ಚಿಕ್ಕಪ್ಪನವರ ಪ್ರಶ್ನೆಗೆ ಉತ್ತರ ಇದು.

ಇಲ್ಲಿಯವರೆಗಿನದು ರಸಾಯನಶಾಸ್ತ್ರದ ಲೆಕ್ಕ. ನನ್ನನ್ನು ವರ್ಷಗಳಿಂದ ಹಿಡಿದಿಟ್ಟಿರುವ ಪ್ರಶ್ನೆ ಮುಂದಿನದು. ಆಮ್ಲಜನಕವಾಗಲಿ ನೈಟ್ರೇಟ್ ಆಗಲಿ ನೀರಿನಲ್ಲಿ ಕರಗಿ ಬ್ಯಾಕ್ಟೀರಿಯಾದ ಒಳಕ್ಕೆ ಬರುತ್ತದೆ. ತುಕ್ಕು ಕಲ್ಲಿನ ಜಾತಿಯದು. ಆಮ್ಲವೂ ಕ್ಷಾರವೂ ಅಲ್ಲದ ನೀರಿನಲ್ಲಿ ಅದು ಕರಗುವುದು ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ಎರಡು ಮೂರು ಮೈಕ್ರೋಮೀಟರ್ ಉದ್ದದ ಜೀವಿಗೆ ಅದರ ಕಣವನ್ನು ಒಳಗೆ ತೆಗೆದುಕೊಳ್ಳಲು ಬಾಯಿಯೂ ಇಲ್ಲ, ಜಾಗವೂ ಇಲ್ಲ. ಒಳಗೆ ಬಾರದ ವಸ್ತುವನ್ನು ಉಸಿರಾಡುವುದು ಹೇಗೆ? ಎಲೆಕ್ಟ್ರಾನನ್ನೇ ಹೊರಕ್ಕೆ ಕಳಿಸಬೇಕು. ವಿದ್ಯುತ್ತನ್ನು ತಡೆಯುವ ಕೊಬ್ಬಿನ ಪೊರೆಯನ್ನು ದಾಟಿಸಿ, ಕೋಶದ ಹೊರಗಿನ ಕಲ್ಲಿನವರೆಗೆ.

ಇಂಥ ಜೀವಿಗಳು ಇವೆಯೆಂದು ಖಚಿತವಾದದ್ದು ನಾನು ಹೈಸ್ಕೂಲಿನಲ್ಲಿದ್ದ ಕಾಲಕ್ಕೆ ಎಂಬುದು ಈಗ ಬೆರಗೆನಿಸುತ್ತದೆ. ಅಮೆರಿಕದ ಪೊಟೋಮ್ಯಾಕ್ ನದಿಯ ಕೆಸರಿನಿಂದ ಡೆರೆಕ್ ಲವ್ಲೆ ಮತ್ತು ಸಂಗಡಿಗರು ಬೇರ್ಪಡಿಸಿದ ಬ್ಯಾಕ್ಟೀರಿಯಾ, ಕೆಂಪು ತುಕ್ಕನ್ನು ಅಯಸ್ಕಾಂತಕ್ಕೆ ಅಂಟುವ ಕಪ್ಪು ಮ್ಯಾಗ್ನೆಟೈಟ್ ಆಗಿ ಮಾರ್ಪಡಿಸುವುದನ್ನು 1987ರಲ್ಲಿ ವರದಿ ಮಾಡಿದರು. ಮುಂದೆ ಅದಕ್ಕೆ ಜಿಯೋಬ್ಯಾಕ್ಟರ್ ಮೆಟಲಿರೆಡ್ಯೂಸೆನ್ಸ್ ಎಂದು ಹೆಸರಾಯಿತು. ಮರುವರ್ಷ ಚಾರ್ಲ್ಸ್ ಮೈಯರ್ಸ್ ಮತ್ತು ಕೆನೆತ್ ನೀಲ್ಸನ್, ನ್ಯೂಯಾರ್ಕ್ ರಾಜ್ಯದ ಒನೈಡಾ ಸರೋವರದಿಂದ ಮ್ಯಾಂಗನೀಸ್ ಆಕ್ಸೈಡನ್ನು ಉಸಿರಾಡುವ ಇನ್ನೊಂದನ್ನು ಪ್ರಕಟಿಸಿದರು. ಆ ಸರೋವರದ ತಳದಲ್ಲಿ ಮ್ಯಾಂಗನೀಸ್ ಬರಿಯ ರಾಸಾಯನಿಕ ಕ್ರಿಯೆ ವಿವರಿಸಲಾಗದಷ್ಟು ವೇಗವಾಗಿ ಕರಗುತ್ತಿತ್ತು, ಆ ಹೊಂದದ ಲೆಕ್ಕವೇ ಅವರನ್ನು ಜೀವಿಯ ಕಡೆಗೆ ನಡೆಸಿತು. ಅದೇ ಇಂದಿನ ಶೆವನೆಲ್ಲಾ ಒನೈಡೆನ್ಸಿಸ್.

ಶೆವನೆಲ್ಲಾದ ಏರ್ಪಾಡು ನನಗೆ ನಾಲೆಯ ತೂಬನ್ನು ನೆನಪಿಸುತ್ತದೆ. ಒಳಪೊರೆಯಲ್ಲಿರುವ ಒಂದು ಪ್ರೋಟೀನ್ ಎಲೆಕ್ಟ್ರಾನನ್ನು ಎರಡು ಪೊರೆಗಳ ನಡುವಿನ ಜಾಗಕ್ಕೆ ದಾಟಿಸುತ್ತದೆ. ಹೊರಪೊರೆಯಲ್ಲಿ ಕೊಳವೆಯಾಕಾರದ ಮತ್ತೊಂದು ಪ್ರೋಟೀನ್ ತೂಬಿನಂತೆ ಹೂತುಕೊಂಡಿದೆ. ಅದರ ಒಳಗೊಂದು, ಹೊರಬಾಯಿಯಲ್ಲೊಂದು, ಹೀಗೆ ಎಲೆಕ್ಟ್ರಾನ್ ಸಾಗಿಸುವ ಎರಡು ಸೈಟೋಕ್ರೋಮ್ ಪ್ರೋಟೀನ್‌ಗಳು ಜೋಡಿಸಿಕೊಂಡಿವೆ. ಒಂದೊಂದರಲ್ಲೂ 10 ಹೀಮ್‌ಗಳು. ಹೀಮ್ ಎಂದರೆ ನಮ್ಮ ರಕ್ತಕ್ಕೆ ಕೆಂಪು ಕೊಡುವ, ನಡುವೆ ಒಂದು ಕಬ್ಬಿಣದ ಪರಮಾಣುವನ್ನು ಇಟ್ಟುಕೊಂಡ ಉಂಗುರದಂಥ ರಚನೆಯ ಹತ್ತಿರದ ಬಂಧು. ಸಾಲಾಗಿ ಕೂತ ಈ 20 ಹೀಮ್‌ಗಳ ಕಬ್ಬಿಣ ಒಂದರಿಂದ ಎಲೆಕ್ಟ್ರಾನ್ ಪಡೆದು ಮುಂದಿನದಕ್ಕೆ ಕೊಡುತ್ತ, ಬಾವಿಯ ಬಳಿ ಸಾಲುಗಟ್ಟಿ ನಿಂತವರು ಕೊಡ ದಾಟಿಸುವಂತೆ, ಅದನ್ನು ಕೋಶದ ಹೊರಕ್ಕೆ ತಲುಪಿಸುತ್ತವೆ. ಹೊರಗಿನ ಕಬ್ಬಿಣವನ್ನು ಉಸಿರಾಡಲು ಜೀವಿ ತನ್ನೊಳಗಿನ ಕಬ್ಬಿಣದಿಂದಲೇ ದಾರಿ ಮಾಡಿಕೊಂಡಿದೆ. ಕಲ್ಲು ದೂರವಿದ್ದರೆ ಶೆವನೆಲ್ಲಾ ಫ್ಲೇವಿನ್ ಎಂಬ, ರೈಬೋಫ್ಲೇವಿನ್ ವಿಟಮಿನ್ನಿನ ಬಳಗದ ಸಣ್ಣ ಅಣುಗಳನ್ನು ನೀರಿಗೆ ಬಿಡುತ್ತದೆ. ಅವು ಎಲೆಕ್ಟ್ರಾನ್ ಹೊತ್ತು ಹೋಗಿ ತುಕ್ಕಿಗೆ ಕೊಟ್ಟು ಬರಿಗೈಯಲ್ಲಿ ಮರಳುತ್ತವೆ.

ಜಿಯೋಬ್ಯಾಕ್ಟರಿನ ರೀತಿ ಬೇರೆ. ಅದು ತುಕ್ಕಿನ ಬಳಿಗೆ ತಾನೇ ಹೋಗಿ ಮುಟ್ಟಬೇಕು. ಕರಗಿದ ರೂಪದ ಕಬ್ಬಿಣ ಕೊಟ್ಟು ಬೆಳೆಸಿದಾಗ ಈಜುವ ಬಾಲವಿಲ್ಲದೆ ಸುಮ್ಮನಿರುವ ಈ ಜೀವಿ, ಕರಗದ ತುಕ್ಕನ್ನು ಕೊಟ್ಟಾಗ ಮಾತ್ರ ಬಾಲ ಬೆಳೆಸಿಕೊಂಡು ಹುಡುಕಿ ಹೊರಡುತ್ತದೆ ಎಂಬುದನ್ನು 2002ರಲ್ಲಿ ಕಂಡುಕೊಂಡರು. 2005ರಲ್ಲಿ ಅದರ ಮೈಯಿಂದ ಹೊರಟ ಕೂದಲಿಗಿಂತ ಸಾವಿರಾರು ಪಟ್ಟು ತೆಳುವಾದ ಎಳೆಗಳಲ್ಲಿ ವಿದ್ಯುತ್ ಹರಿಯುತ್ತದೆ ಎಂಬ ವರದಿ ಬಂದಾಗ, ಅವನ್ನು ಪೈಲಸ್ ಎಂಬ ಪ್ರೋಟೀನಿನ ಎಳೆಗಳೆಂದು ತಿಳಿಯಲಾಗಿತ್ತು. ಲೋಹವೇ ಇಲ್ಲದ ಪ್ರೋಟೀನ್ ತಂತಿಯಂತೆ ವಿದ್ಯುತ್ ಒಯ್ಯುವುದು ಹೇಗೆ ಎಂಬ ಜಗಳ ವರ್ಷಗಟ್ಟಲೆ ನಡೆಯಿತು. 2019ರಲ್ಲಿ ನಿಖಿಲ್ ಮಲ್ವಾಣ್ಕರ್, ಎಡ್ವರ್ಡ್ ಈಗಲ್‌ಮನ್ ಮತ್ತು ಸಂಗಡಿಗರು ಅತಿಶೀತ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಆ ಎಳೆಗಳ ಒಳರಚನೆಯನ್ನು ನೋಡಿದಾಗ, ಅವು ಸೈಟೋಕ್ರೋಮ್ ಘಟಕಗಳು ಮಣಿಸರದಂತೆ ಒಂದಕ್ಕೊಂದು ಕೂಡಿ ಆದವು ಎಂದು ಕಂಡಿತು. ಪ್ರತಿ ಘಟಕದಲ್ಲಿ 6 ಹೀಮ್, ಎಳೆಯ ದಪ್ಪ ಸುಮಾರು 4 ನ್ಯಾನೋಮೀಟರ್, ಉದ್ದಕ್ಕೂ ಕಡಿಯದ ಹೀಮ್ ಸಾಲು. ಪೈಲಸ್ ಪಕ್ಷದವರು ಇನ್ನೂ ಪೂರ್ತಿ ಒಪ್ಪಿಲ್ಲ. ನಾನು ಈ ವಾದವನ್ನು ತರಗತಿಯಲ್ಲಿ ಮುಚ್ಚಿಡುವುದಿಲ್ಲ. ಒಂದು ಎಳೆ ಯಾವುದರಿಂದ ಆಗಿದೆ ಎಂಬುದನ್ನು ತಿಳಿಯಲು 14 ವರ್ಷ ಹಿಡಿಯಿತು ಎಂಬುದು, ಸಿದ್ಧ ಉತ್ತರವನ್ನು ಬಾಯಿಪಾಠ ಮಾಡುವ ಮಕ್ಕಳಿಗೆ ತಿಳಿದಿರಬೇಕಾದ ಸಂಗತಿ.

ಮತ್ತೆ ಗದ್ದೆಗೆ ಬರುತ್ತೇನೆ. ಸೀಳಿದ ಹೆಂಟೆಯಲ್ಲಿ ಬೂದುಬಣ್ಣದ ನಡುವೆ ಭತ್ತದ ಬೇರುಗಳು ತುಕ್ಕು ಹಿಡಿದ ತಂತಿಗಳಂತೆ ಕೆಂಪಾಗಿ ಎದ್ದು ಕಾಣುತ್ತಿದ್ದವು. ಭತ್ತದ ಕಾಂಡದೊಳಗೆ ಗಾಳಿಯ ಕೊಳವೆಗಳಿವೆ, ಅವುಗಳ ಮೂಲಕ ಕೆಳಗಿಳಿದ ಆಮ್ಲಜನಕ ಬೇರಿನಿಂದ ಸ್ವಲ್ಪ ಹೊರಕ್ಕೂ ಸೋರುತ್ತದೆ. ಹತ್ತಿರ ಸುಳಿದ ಫೆರಸ್ ಅಲ್ಲಿಯೇ ಮತ್ತೆ ಫೆರಿಕ್ ಆಗಿ ಬೇರಿಗೆ ಕವಚದಂತೆ ಅಂಟುತ್ತದೆ. ಈ ಮರಳುವ ದಾರಿಯಲ್ಲೂ ಬ್ಯಾಕ್ಟೀರಿಯಾಗಳು ಕಾದಿರುತ್ತವೆ. ಅವು ಕಬ್ಬಿಣಕ್ಕೆ ಎಲೆಕ್ಟ್ರಾನ್ ಕೊಡುವ ಬದಲು ಕಬ್ಬಿಣದಿಂದಲೇ ಎಲೆಕ್ಟ್ರಾನ್ ಪಡೆದು ಬದುಕುವ ಗುಂಪು. ರಷ್ಯಾದ ಸೆರ್ಗೈ ವಿನೊಗ್ರಾಡ್‌ಸ್ಕಿ 1888ರಲ್ಲೇ ಕಬ್ಬಿಣದ ಬ್ಯಾಕ್ಟೀರಿಯಾಗಳ ಬಗ್ಗೆ ಬರೆದು, ನಿರ್ಜೀವ ವಸ್ತುವಿನ ಉತ್ಕರ್ಷಣದಿಂದ ಜೀವಿ ಶಕ್ತಿ ಪಡೆಯಬಹುದೆಂದು ವಾದಿಸಿದ್ದರು. ಬದುವಿನ ಮೂಲೆಯ ಕೆಂಪು ಗಸಿ ಈ ಗುಂಪಿನ ಕೆಲಸ. ಒಂದೇ ಕಬ್ಬಿಣದ ಪರಮಾಣು ಕೆಸರಿನಲ್ಲಿ ಒಬ್ಬರಿಗೆ ಉಸಿರಾಗಿ, ನೀರಿನಂಚಿನಲ್ಲಿ ಇನ್ನೊಬ್ಬರಿಗೆ ಊಟವಾಗಿ, ಒಂದು ಬೆಳೆಯ ಅವಧಿಯಲ್ಲಿ ಹಲವು ಸಲ ಹೀಗೆ ಓಡಾಡುತ್ತದೆ.

ರೈತನಿಗೆ ಇದರಿಂದ ಲಾಭವೂ ಇದೆ, ತೊಂದರೆಯೂ ಇದೆ. ತುಕ್ಕಿಗೆ ಅಂಟಿಕೊಂಡಿದ್ದ ರಂಜಕ, ತುಕ್ಕು ಕರಗಿದಾಗ ಬಿಡುಗಡೆಯಾಗಿ ಪೈರಿಗೆ ಸಿಗುತ್ತದೆ. ಫೆರಸ್ ಮಿತಿಮೀರಿದರೆ ಎಲೆಗಳ ಮೇಲೆ ಕಂದು ಚುಕ್ಕೆಗಳೆದ್ದು ಪೈರು ಸೊರಗುತ್ತದೆ. ಆಗ ನೀರನ್ನು ಬಸಿದು ಮಣ್ಣಿಗೆ ಗಾಳಿಯಾಡಿಸುವುದು ವಾಡಿಕೆಯ ಉಪಾಯ. ಮೀಥೇನ್ ವಿಚಾರವಂತೂ ಇನ್ನೂ ಮುಖ್ಯ. ಕಬ್ಬಿಣ ಉಸಿರಾಡುವ ಜೀವಿಗಳು ಅಸಿಟೇಟನ್ನು ಕಬಳಿಸುವಷ್ಟು ಕಾಲ ಮೀಥೇನ್ ಜೀವಿಗಳಿಗೆ ಊಟ ಸಾಲದು. ತುಕ್ಕು ತೀರಿತೆಂದರೆ ಅವುಗಳ ಕಾಲ ಬರುತ್ತದೆ. ವಿಶ್ವೇಶ್ವರಯ್ಯ ನಾಲೆಯಲ್ಲಿ ಕಟ್ಟು ಪದ್ಧತಿಯಂತೆ ನೀರು ಬಿಟ್ಟು ನಿಲ್ಲಿಸುವಾಗ ನಮ್ಮವರು ಬೇಸರಪಡುವುದು ಸಹಜ, ನೀರಿನ ಅಭಾವದ ಸಂಕಟ ನನಗೂ ಗೊತ್ತು. ಆದರೆ ಗದ್ದೆ ಹದವಾಗಿ ಒಣಗಿ ಕೂದಲೆಳೆ ಬಿರುಕು ಬಿಟ್ಟಾಗ ಒಳನುಗ್ಗುವ ಗಾಳಿ ಫೆರಸನ್ನು ಮತ್ತೆ ಹೊಸ ತುಕ್ಕಾಗಿಸುತ್ತದೆ. ಹೊಸ ತುಕ್ಕು ಹಳೆಯ ಗಟ್ಟಿ ಹರಳಿಗಿಂತ ಮೆತ್ತಗೆ, ಉಸಿರಾಡಲು ಹೆಚ್ಚು ಸುಲಭ. ಮುಂದಿನ ಸಲ ನೀರು ಬಂದಾಗ ಕೆಸರಿನ ಜೀವಿಗಳು ಮೀಥೇನಿಗೆ ಇಳಿಯುವ ಮೊದಲು ಆ ದಾಸ್ತಾನನ್ನು ಮುಗಿಸಬೇಕು. ಡೆನ್ಮಾರ್ಕಿನಲ್ಲಿ ಪತ್ತೆಯಾದ, ಸಾವಿರಾರು ಕೋಶಗಳು ಸರಪಳಿಯಾಗಿ ಸೇರಿ ಸೆಂಟಿಮೀಟರ್‌ಗಟ್ಟಲೆ ದೂರ ಎಲೆಕ್ಟ್ರಾನ್ ಸಾಗಿಸುವ ಕೇಬಲ್ ಬ್ಯಾಕ್ಟೀರಿಯಾಗಳನ್ನು ಭತ್ತ ನೆಟ್ಟ ಕುಂಡಗಳಿಗೆ ಸೇರಿಸಿದಾಗ ಮೀಥೇನ್ ಶೇ. 93ರಷ್ಟು ತಗ್ಗಿತು ಎಂದು 2020ರಲ್ಲಿ ವರದಿಯಾಯಿತು. ಅವು ಸಲ್ಫೇಟನ್ನು ಮರುಹುಟ್ಟಿಸಿ, ಅದನ್ನು ಉಸಿರಾಡುವ ಜೀವಿಗಳಿಗೆ ನೆರವಾಗುವ ಮೂಲಕ ಊಟಕ್ಕಾಗಿ ನಡೆಯುವ ಇದೇ ಸ್ಪರ್ಧೆಯನ್ನು ಬಲಪಡಿಸುತ್ತವೆ. ಕುಂಡದ ಫಲಿತಾಂಶವನ್ನು ಗದ್ದೆಗೆ ಹಾಗೆಯೇ ಹಚ್ಚಲಾಗದು ನಿಜ, ಆದರೂ ಭತ್ತದ ನಾಡಿನಲ್ಲಿ ಇದರ ಬಗ್ಗೆ ಮಾತು ಇಷ್ಟು ಕಡಿಮೆಯಿರುವುದು ನನಗೆ ನೋವು ತರುತ್ತದೆ.

ಇದೇ ಉಸಿರಾಟ ಬೇರೆ ನೆಲದಲ್ಲಿ ವಿಷವನ್ನೂ ಬಿಡಿಸಿದೆ. ಬಂಗಾಳದ ಬಯಲಿನಲ್ಲಿ ತುಕ್ಕಿಗೆ ಅಂಟಿಕೊಂಡಿದ್ದ ಆರ್ಸೆನಿಕ್ ಕೊಳವೆ ಬಾವಿಗಳ ನೀರಿಗಿಳಿಯುವುದರಲ್ಲಿ ಲೋಹ ಉಸಿರಾಡುವ ಬ್ಯಾಕ್ಟೀರಿಯಾಗಳ ಪಾತ್ರವಿದೆ ಎಂದು 2004ರ ಅಧ್ಯಯನ ತೋರಿಸಿತು. ಅಮೆರಿಕದ ಕೊಲರಾಡೊದ ರೈಫಲ್ ಎಂಬಲ್ಲಿ ಇದಕ್ಕೆ ತದ್ವಿರುದ್ಧವಾಗಿ, ಅಂತರ್ಜಲಕ್ಕೆ ಅಸಿಟೇಟ್ ಬಿಟ್ಟು ಜಿಯೋಬ್ಯಾಕ್ಟರ್ ಬೆಳೆಸಿ, ಕರಗಿದ್ದ ಯುರೇನಿಯಂ ಕರಗದ ರೂಪಕ್ಕೆ ತಿರುಗುವಂತೆ ಮಾಡಿದರು.

ಅಂದು ನಾನು ಚಿಕ್ಕಪ್ಪನವರಿಂದ ಎರಡು ಬಕೆಟ್ ಕೆಸರು ಕೇಳಿ ಪಡೆದು ಮೈಸೂರಿಗೆ ತಂದೆ. ಎಲೆಕ್ಟ್ರಾನನ್ನು ಕಲ್ಲಿಗೆ ಕೊಡಬಲ್ಲ ಜೀವಿ ಇಂಗಾಲದ ಕಡ್ಡಿಗೂ ಕೊಡಬೇಕಲ್ಲವೇ? ಹಳೆಯ ಟಾರ್ಚ್ ಸೆಲ್ಲುಗಳನ್ನು ಬಿಚ್ಚಿ ಇಂಗಾಲದ ಕಡ್ಡಿಗಳನ್ನು ತೆಗೆದು, ಒಂದನ್ನು ಕೆಸರಿನ ಆಳಕ್ಕೆ ಹೂತು, ಇನ್ನೊಂದನ್ನು ಮೇಲಿನ ನೀರಿನಲ್ಲಿ ನಿಲ್ಲಿಸಿ, ನಡುವೆ ಮಲ್ಟಿಮೀಟರ್ ಜೋಡಿಸಿದೆ. ಮೊದಲ ದಿನವೇ ಒಳ್ಳೆಯ ವೋಲ್ಟೇಜ್ ಬಂತು, ಸಂತೋಷಪಟ್ಟೆ. ಅದು ತಪ್ಪಾಗಿತ್ತು. ತಾಮ್ರದ ತಂತಿಯ ತುದಿ ಕೆಸರಿಗೆ ತಾಗಿದ್ದರಿಂದ ಲೋಹ ಸವೆಯುತ್ತ ಕೊಟ್ಟ ವಿದ್ಯುತ್ತು ಅದು. ಅಲ್ಲದೆ ಕಡ್ಡಿಗೆ ಮೆತ್ತಿಕೊಂಡಿದ್ದ ಸೆಲ್ಲಿನ ಕಪ್ಪು ಪುಡಿಯೂ ಸುಳ್ಳು ಲೆಕ್ಕ ಕೊಡುತ್ತಿತ್ತು. ಆ ಕಪ್ಪು ಪುಡಿ ಮ್ಯಾಂಗನೀಸ್ ಡೈಆಕ್ಸೈಡ್. ಒನೈಡಾ ಸರೋವರದ ಬ್ಯಾಕ್ಟೀರಿಯಾ ಉಸಿರಾಡಿದ್ದೂ ಮ್ಯಾಂಗನೀಸಿನ ಆಕ್ಸೈಡನ್ನೇ, ಸೆಲ್ಲಿನಲ್ಲೂ ಆ ಪುಡಿಯ ಕೆಲಸ ಎಲೆಕ್ಟ್ರಾನ್ ತೆಗೆದುಕೊಳ್ಳುವುದೇ. ಕಬ್ಬಿಣದ ಮೊಳೆ, ತಾಮ್ರದ ತಂತಿ ಚುಚ್ಚಿ ಮಣ್ಣಿನಿಂದ ವಿದ್ಯುತ್ತು ಎಂದು ತೋರಿಸುವ ವಿಡಿಯೋಗಳನ್ನು ನೋಡಿ ಮಕ್ಕಳು ಮೋಸ ಹೋಗಬಾರದೆಂದು ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಕಡ್ಡಿಗಳನ್ನು ಚೆನ್ನಾಗಿ ಉಜ್ಜಿ, ಕುದಿಸಿ, ತಂತಿಯ ಜೋಡಣೆ ನೀರಿನಿಂದ ಮೇಲಿರುವಂತೆ ಮೇಣ ಹಚ್ಚಿ ಮತ್ತೆ ಆರಂಭಿಸಿದೆ. ಪಕ್ಕದಲ್ಲಿ, ಕುಕ್ಕರಿನಲ್ಲಿ ಒಂದು ಗಂಟೆ ಬೇಯಿಸಿದ ಕೆಸರಿನ ಇನ್ನೊಂದು ಡಬ್ಬಿ ಇಟ್ಟೆ. ಹಸಿ ಕೆಸರಿನದು ಮೊದಲ ದಿನ ಕೆಲವೇ ಮಿಲಿವೋಲ್ಟ್ ತೋರಿಸಿ, ದಿನದಿನಕ್ಕೆ ಏರುತ್ತ, ಹದಿನೈದನೆಯ ದಿನದ ಹೊತ್ತಿಗೆ ಅರ್ಧ ವೋಲ್ಟ್ ಮುಟ್ಟಿತು. ಬೇಯಿಸಿದ ಕೆಸರು ಅಷ್ಟು ದಿನವೂ 0.1 ವೋಲ್ಟ್ ದಾಟಲಿಲ್ಲ. 1000 ಓಮ್ ರೋಧಕವನ್ನು ಅಡ್ಡ ಹಾಕಿದಾಗ ಹಸಿ ಕೆಸರಿನ ವೋಲ್ಟೇಜ್ 40 ಮಿಲಿವೋಲ್ಟಿಗೆ ಇಳಿದು ನಿಂತಿತು. ಅಂದರೆ 40 ಮೈಕ್ರೋಆಂಪಿಯರ್, ಒಂದು ಚಿಕ್ಕ ಎಲ್‌ಇಡಿ ಬೆಳಗಲು ಬೇಕಾದ ಶಕ್ತಿಯ ಸುಮಾರು ಸಾವಿರದಲ್ಲೊಂದು ಪಾಲು. ಅದರಲ್ಲೂ ಸಲ್ಫೇಟ್ ಉಸಿರಾಡುವ ಜೀವಿಗಳು ಕೆಸರಿನಲ್ಲಿ ಉಳಿಸುವ ಸಲ್ಫೈಡ್ ಕಡ್ಡಿಗೆ ನೇರವಾಗಿ ಕೊಟ್ಟ ಪಾಲು ಸೇರಿರುತ್ತದೆ, ಎಲ್ಲವೂ ಜಿಯೋಬ್ಯಾಕ್ಟರಿನದೆಂದು ಹೇಳಲಾರೆ. ಆದರೂ ಮಾಪಕದ ಆ ಅಂಕಿಯನ್ನು ನೋಡುತ್ತ ವಿದ್ಯಾರ್ಥಿಗಳು ಮೌನವಾದ ಗಳಿಗೆಯನ್ನು ಮರೆಯಲಾರೆ. ನಮ್ಮ ಊರಿನ ಕೂಳೆಯಿಂದ ಹೊರಟ ಎಲೆಕ್ಟ್ರಾನ್‌ಗಳು ಆ ತಂತಿಯಲ್ಲಿ ಹರಿಯುತ್ತಿದ್ದವು.

ನವೆಂಬರಿನಲ್ಲಿ ಕೊಯ್ಲಿಗೆ ಮುನ್ನ ನೀರು ಬಸಿದ ಮೇಲೆ ಮತ್ತೆ ಹೋಗಿದ್ದೆ. ಗದ್ದೆ ಬಿರುಕು ಬಿಟ್ಟಿತ್ತು. ಬಿರುಕಿನ ಗೋಡೆಗಳಿಗೆ ಕೆಂಪು ಮರಳಿತ್ತು, ಹೆಂಟೆ ಒಡೆದರೆ ಒಳಗೆ ಇನ್ನೂ ಬೂದುಬಣ್ಣ. ಒಂದು ಹೆಂಟೆಯನ್ನು ಮನೆಗೆ ತಂದು ಒಡೆದು ಕಿಟಕಿಯ ಬಳಿ ಇಟ್ಟೆ, ಮರುದಿನ ಸಂಜೆಗೆ ಅದರ ಒಡೆದ ಮುಖ ಹಳದಿಗೆ ತಿರುಗತೊಡಗಿತ್ತು. ಆ ವಾರ ಚಿಕ್ಕಪ್ಪ ಫೋನಿನಲ್ಲಿ, "ಆ ಎಣ್ಣೆ ಈಗ ಎಲ್ಲೂ ಕಾಣಾಕಿಲ್ಲ ಕಣಪ್ಪ, ಎಲ್ಲೋಯ್ತು?" ಎಂದು ಕೇಳಿದರು. ಬದುವಿನ ಬುಡದಲ್ಲಿ ನೀರು ನಿಂತಿದ್ದ ಗುರುತಿನ ಮೇಲೆ ಬೆರಳಾಡಿಸಿ ನೋಡಿ ಎಂದೆ. ಸ್ವಲ್ಪ ಹೊತ್ತಿನ ಮೇಲೆ, ಬೆರಳಿಗೆ ಕೆಮ್ಮಣ್ಣಿನ ಹುಡಿ ಹತ್ತಿತು ಎಂದರು.